ದಕ್ಷಿಣ ದಿಗಂತದ ಹಡಗು: ಅಗಸ್ತ್ಯ ನಕ್ಷತ್ರವಿರುವ ಕೆರೈನಾ ಪುಂಜ

ಫೆಬ್ರವರಿ ತಿಂಗಳ ಮಧ್ಯಭಾಗದಲ್ಲಿ ರಾತ್ರಿ 9 ಗಂಟೆಯ ಸುಮಾರಿಗೆ ಮನೆಯ ತಾರಸಿಯ ಮೇಲೆ ದಕ್ಷಿಣಕ್ಕೆ ಮುಖಮಾಡಿ ನಿಂತರೆ ಎರಡು ಉಜ್ವಲ ನಕ್ಷತ್ರಗಳು ಹೆಚ್ಚುಕಡಿಮೆ ಒಂದರ ಕೆಳಗೊಂದು ಕಾಣಿಸುತ್ತವೆ. ಮೇಲಿನದು ಲುಬ್ಧಕ, ಇರುಳಿನ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರ. ಅದರಿಂದ ಸುಮಾರು 36 ಡಿಗ್ರಿ ಕೆಳಗೆ, ದಿಗಂತದಿಂದ ಎರಡೂವರೆ ಮುಷ್ಟಿಯಷ್ಟು ಎತ್ತರದಲ್ಲಿ ಮಿನುಗುವುದು ಅಗಸ್ತ್ಯ. ಪ್ರಕಾಶದಲ್ಲಿ ಇದಕ್ಕೆ ಎರಡನೆಯ ಸ್ಥಾನ. ಪಾಶ್ಚಾತ್ಯರು ಇದನ್ನು ಕೆನೋಪಸ್ ಎಂದು ಕರೆಯುತ್ತಾರೆ.

ಕರ್ನಾಟಕದ ಯಾವ ಊರಿನಿಂದಲೂ ಸುಲಭವಾಗಿ ಕಾಣುವ ಈ ನಕ್ಷತ್ರವನ್ನು ಲಂಡನ್ನಿನಲ್ಲಾಗಲಿ ಪ್ಯಾರಿಸ್ಸಿನಲ್ಲಾಗಲಿ ಹುಟ್ಟಿ ಬೆಳೆದವರು ತಮ್ಮ ಊರಿನಲ್ಲಿ ಒಮ್ಮೆಯೂ ನೋಡಲಾರರು. ಅಲ್ಲಿ ಅದು ಉದಯಿಸುವುದೇ ಇಲ್ಲ. ದೆಹಲಿಯಲ್ಲಿ ಉದಯಿಸುತ್ತದೆ, ಆದರೆ ದಿಗಂತದಿಂದ 9 ಡಿಗ್ರಿಯನ್ನೂ ಮುಟ್ಟದೆ ಇಳಿದುಬಿಡುತ್ತದೆ. ಬೆಂಗಳೂರಿನಲ್ಲಿ 24 ಡಿಗ್ರಿಗೂ ಮೇಲೇರಿ ಒಂಬತ್ತೂವರೆ ಗಂಟೆಗಳ ಕಾಲ ಆಕಾಶದಲ್ಲಿರುತ್ತದೆ. ಅಗಸ್ತ್ಯ ಮತ್ತು ಅದನ್ನು ಒಳಗೊಂಡ ಕೆರೈನಾ ನಕ್ಷತ್ರಪುಂಜ ನಾವಿರುವ ಅಕ್ಷಾಂಶದ ಕೊಡುಗೆ. ಈ ಕೊಡುಗೆಯಲ್ಲಿ ಏನೇನಿದೆ, ಅದನ್ನು ನಾವು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಜೇಸನ್‌ನ ಹಡಗು

ಕೆರೈನಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹಡಗಿನ ಅಡಿಮರ, ಅಂದರೆ ಇಡೀ ಹಡಗನ್ನು ಹೊತ್ತು ನಿಲ್ಲುವ ತಳದ ತೊಲೆ. ಪ್ರಾಚೀನ ಗ್ರೀಕರ ಕಲ್ಪನೆಯಲ್ಲಿ ಇದು ಬಿಡಿ ಪುಂಜವಾಗಿರಲಿಲ್ಲ. 'ಆರ್ಗೋ' ಎಂಬ ಮಹಾನೌಕೆಯ ಒಂದು ಭಾಗವಾಗಿತ್ತು. ಕ್ರಿ.ಶ. 2ನೇ ಶತಮಾನದಲ್ಲಿ ಟಾಲೆಮಿ ಪಟ್ಟಿಮಾಡಿದ 48 ನಕ್ಷತ್ರಪುಂಜಗಳಲ್ಲಿ ಆರ್ಗೋ ಕೂಡ ಸೇರಿದೆ.

ಗ್ರೀಕ್ ಪುರಾಣದ ಪ್ರಕಾರ ಜೇಸನ್ ಎಂಬ ರಾಜಕುಮಾರನ ಪಾಲಿನ ರಾಜ್ಯವನ್ನು ಅವನ ಚಿಕ್ಕಪ್ಪ ಪೀಲಿಯಸ್ ಕಬಳಿಸಿದ್ದನು. ರಾಜ್ಯ ಬೇಕಾದರೆ ಕಪ್ಪುಸಮುದ್ರದ ಆಚೆ ತುದಿಯ ಕಾಲ್ಕಿಸ್ ದೇಶದಲ್ಲಿರುವ ಚಿನ್ನದ ಟಗರಿನ ತೊಗಲನ್ನು ತರಬೇಕೆಂದು ಅವನು ಷರತ್ತು ಹಾಕಿದನು. ಇಂದಿನ ಜಾರ್ಜಿಯಾ ದೇಶದ ಪಶ್ಚಿಮ ಭಾಗವೇ ಆ ಕಾಲ್ಕಿಸ್. ಅಥೀನಾ ದೇವಿಯ ನೆರವಿನಿಂದ ಆರ್ಗಸ್ ಎಂಬ ಶಿಲ್ಪಿ ಹಡಗನ್ನು ಕಟ್ಟಿದನು. ಅದರ ಒಂದು ತೊಲೆ ಡೊಡೋನಾ ಎಂಬ ಪವಿತ್ರ ಸ್ಥಳದ ಓಕ್ ಮರದ್ದು. ಅದಕ್ಕೆ ಮಾತನಾಡುವ ಶಕ್ತಿಯಿತ್ತಂತೆ. ಜೇಸನ್ ತನ್ನ ಸಂಗಡಿಗರೊಂದಿಗೆ ಹೋಗಿ, ಕಾಲ್ಕಿಸ್‌ನ ರಾಜಕುಮಾರಿ ಮೀಡಿಯಾಳ ಸಹಾಯದಿಂದ ತೊಗಲನ್ನು ಗೆದ್ದು ತಂದನು.

ಕಥೆಯ ಕೊನೆ ಮಾತ್ರ ವಿಷಾದಕರ. ಮೀಡಿಯಾಳಿಗೆ ಕೊಟ್ಟ ಮಾತನ್ನು ಮುರಿದ ಜೇಸನ್ ಎಲ್ಲವನ್ನೂ ಕಳೆದುಕೊಂಡು, ಮುಪ್ಪಿನಲ್ಲಿ ದಡಕ್ಕೆಳೆದಿಟ್ಟ ಅದೇ ಹಡಗಿನ ನೆರಳಿನಲ್ಲಿ ಮಲಗಿದ್ದಾಗ ಅದರ ಕೊಳೆತ ಮರ ಮುರಿದುಬಿದ್ದು ಸತ್ತನೆಂದು ಹೇಳುತ್ತಾರೆ. ಆಕಾಶದ ಆರ್ಗೋಗೂ ಮುಂಭಾಗವಿಲ್ಲ. ಅಲ್ಲಿರುವುದು ಹಿಂಭಾಗದ ಅರ್ಧ ಹಡಗು ಮಾತ್ರ. ಪೂರ್ವದಿಂದ ಪಶ್ಚಿಮಕ್ಕೆ ಸಾಗುವಾಗ ಅದು ಹಿಮ್ಮುಖವಾಗಿಯೇ ಚಲಿಸುತ್ತದೆ.

ಕೆನೋಪಸ್ ಎಂಬ ಹೆಸರಿನ ಹಿಂದೆ ಬೇರೊಂದು ಕಥೆಯಿದೆ. ಟ್ರಾಯ್ ಯುದ್ಧ ಮುಗಿಸಿ ಮರಳುತ್ತಿದ್ದ ಮೆನೆಲಾಸ್ ರಾಜನ ಹಡಗಿನ ಚುಕ್ಕಾಣಿಗ ಈಜಿಪ್ಟ್ ತೀರದಲ್ಲಿ ಸತ್ತನೆಂದೂ ಅವನ ಹೆಸರೇ ನಕ್ಷತ್ರಕ್ಕೂ ಅಲೆಕ್ಸಾಂಡ್ರಿಯಾ ಸಮೀಪದ ಪ್ರಾಚೀನ ಪಟ್ಟಣವೊಂದಕ್ಕೂ ಬಂದಿತೆಂದೂ ಪ್ರತೀತಿ. ಕಥೆ ಕಟ್ಟಿದವರು ಗ್ರೀಕರಾದರೂ ಅಥೆನ್ಸ್ ನಗರದಿಂದ ಈ ನಕ್ಷತ್ರ ಕಾಣುವುದಿಲ್ಲ. ಅದನ್ನು ನೋಡಲು ಸುಮಾರು 37 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ದಕ್ಷಿಣಕ್ಕೆ ಬರಬೇಕು.

ಹಡಗನ್ನು ಒಡೆದ ಖಗೋಳಜ್ಞ

ಆರ್ಗೋ ವಿಪರೀತ ದೊಡ್ಡ ಪುಂಜವಾಗಿತ್ತು. ಫ್ರಾನ್ಸಿನ ನಿಕೊಲಾ ಲೂಯಿ ದ ಲಕೇಯ್ 1751-52ರಲ್ಲಿ ದಕ್ಷಿಣ ಆಫ್ರಿಕದ ಗುಡ್ ಹೋಪ್ ಭೂಶಿರದಲ್ಲಿ ತಂಗಿ, ಚಿಕ್ಕದೊಂದು ದೂರದರ್ಶಕದಿಂದ 10,000ಕ್ಕೆ ಹತ್ತಿರ ನಕ್ಷತ್ರಗಳ ಸ್ಥಾನಗಳನ್ನು ಗುರುತಿಸಿದರು. ಯೂರೋಪಿನಲ್ಲಿ ಕುಳಿತು ನೋಡಲಾಗದ ಆಕಾಶಕ್ಕಾಗಿ ಅವರು ಸಮುದ್ರ ದಾಟಬೇಕಾಯಿತು. ಆರ್ಗೋವನ್ನು ಕೆರೈನಾ, ಪಪಿಸ್ ಮತ್ತು ವೇಲಾ ಎಂದು ವಿಭಾಗಿಸಿದವರು ಅವರೇ. ಕ್ರಮವಾಗಿ ಇವು ಅಡಿಮರ, ಹಿಂಭಾಗದ ಅಟ್ಟ ಮತ್ತು ಹಾಯಿ. ಅವರ ಪಟ್ಟಿ 1763ರಲ್ಲಿ, ಅವರ ಮರಣದ ಮರುವರ್ಷ, ಪ್ರಕಟವಾಯಿತು. 1922ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 88 ಪುಂಜಗಳ ಪಟ್ಟಿಯನ್ನು ಅಂಗೀಕರಿಸಿದಾಗ ಆರ್ಗೋ ಅಧಿಕೃತವಾಗಿ ಮರೆಯಾಗಿ ಮೂರು ತುಂಡುಗಳು ಉಳಿದವು.

ಒಡೆದ ಹಡಗಿನ ಗುರುತು ಇಂದಿಗೂ ಅಳಿದಿಲ್ಲ. ಸಾಮಾನ್ಯವಾಗಿ ಪ್ರತಿ ಪುಂಜದ ಪ್ರಮುಖ ನಕ್ಷತ್ರಗಳಿಗೆ ಆಲ್ಫಾ, ಬೀಟಾ, ಗಾಮಾ ಎಂದು ಗ್ರೀಕ್ ಅಕ್ಷರಗಳನ್ನಿಡುವುದು ರೂಢಿ. ಆಲ್ಫಾ ಮತ್ತು ಬೀಟಾ ಕೆರೈನಾದ ಪಾಲಿಗೆ ಬಂದವು, ಗಾಮಾ ಮತ್ತು ಡೆಲ್ಟಾ ವೇಲಾಕ್ಕೆ ಸೇರಿದವು, ಪಪಿಸ್‌ಗೆ ಝೀಟಾದಿಂದ ಆರಂಭ. ಆಸ್ತಿ ಪಾಲಾದರೂ ಮನೆತನದ ಹೆಸರು ಉಳಿದಂತೆ.

ವಿಂಧ್ಯ ದಾಟಿದ ಋಷಿ

ಗ್ರೀಕರಿಗೆ ದಿಗಂತದ ಅಂಚಿನಲ್ಲಿದ್ದ ನಕ್ಷತ್ರ ಭಾರತೀಯರಿಗೆ ಋಷಿಯಾಯಿತು. ಸೂರ್ಯನ ದಾರಿಯನ್ನೇ ಅಡ್ಡಗಟ್ಟುವಂತೆ ಬೆಳೆಯುತ್ತಿದ್ದ ವಿಂಧ್ಯಪರ್ವತಕ್ಕೆ ಅಗಸ್ತ್ಯರು, ತಾನು ದಕ್ಷಿಣದಿಂದ ಮರಳುವವರೆಗೆ ತಗ್ಗಿರು ಎಂದು ಹೇಳಿ ಹೋದವರು ಮರಳಲೇ ಇಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ಈ ಕಥೆಯನ್ನು ಕೇಳದವರು ವಿರಳ. ಸಮುದ್ರದಲ್ಲಿ ಅಡಗಿದ್ದ ಕಾಲೇಯರನ್ನು ಬಯಲಿಗೆಳೆಯಲು ಅವರು ಸಮುದ್ರವನ್ನೇ ಕುಡಿದ ಕಥೆಯೂ ಅಲ್ಲಿದೆ. ವಾತಾಪಿಯನ್ನು ಜೀರ್ಣಿಸಿಕೊಂಡ ಪ್ರಸಂಗವು ಚಾಲುಕ್ಯರ ರಾಜಧಾನಿಯಾಗಿದ್ದ ಬಾದಾಮಿಯ ಹಳೆಯ ಹೆಸರಿನಲ್ಲಿ ಉಳಿದಿದೆ. ಅಲ್ಲಿನ ಕೆರೆಗೆ ಇಂದಿಗೂ ಅಗಸ್ತ್ಯತೀರ್ಥವೆಂದೇ ಹೆಸರು. ಅಗಸ್ತ್ಯರ ಕಮಂಡಲುವಿನಿಂದ ಕಾವೇರಿ ಹರಿದಳೆಂಬುದು ಕೊಡಗಿನ ನಂಬಿಕೆ. ತಲಕಾವೇರಿಯಲ್ಲಿ ತೀರ್ಥೋದ್ಭವ ನಡೆಯುವ ಅಕ್ಟೋಬರ್ ಮಧ್ಯಭಾಗದ ದಿನಗಳಲ್ಲಿ ಅಗಸ್ತ್ಯ ನಕ್ಷತ್ರವು ನಡುರಾತ್ರಿಯ ಹೊತ್ತಿಗೆ ಆಗ್ನೇಯ ದಿಕ್ಕಿನಲ್ಲಿ ಉದಯಿಸುತ್ತದೆ.

ಪುರಾಣದ ಜೊತೆಗೆ ಗಣಿತವೂ ಬೆಳೆಯಿತು. ಸೂರ್ಯಸಿದ್ಧಾಂತವು ಅಗಸ್ತ್ಯದ ಸ್ಥಾನವನ್ನು ಮಿಥುನದ ಕೊನೆಯಲ್ಲಿ, ಕ್ರಾಂತಿವೃತ್ತದಿಂದ 80 ಡಿಗ್ರಿ ದಕ್ಷಿಣಕ್ಕೆ ಎಂದು ಕೊಡುತ್ತದೆ. ಇಂದಿನ ಅಳತೆಯಲ್ಲಿ ಅದು ಸುಮಾರು 76 ಡಿಗ್ರಿ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅಗಸ್ತ್ಯನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸೂರ್ಯನ ಬೆಳಕಿನಲ್ಲಿ ಕೆಲವು ವಾರ ಮರೆಯಾಗಿದ್ದ ನಕ್ಷತ್ರ ಬೆಳಗಿನ ಜಾವ ಮೊದಲ ಬಾರಿ ಕಾಣುವ ದಿನವನ್ನು ಆಯಾ ದೇಶಕ್ಕೆ ಬೇರೆ ಬೇರೆಯಾಗಿ ಲೆಕ್ಕಹಾಕಬೇಕೆಂದು ಹೇಳಿ, ಉಜ್ಜಯಿನಿಯಲ್ಲಿ ಸೂರ್ಯನು ಕನ್ಯಾರಾಶಿಗೆ ಇನ್ನು 7 ಭಾಗ ಇರುವಾಗ ಅದು ಕಾಣುತ್ತದೆಂದು ಸೂಚಿಸುತ್ತಾನೆ. ದಕ್ಷಿಣದಲ್ಲಿರುವವರಿಗೆ ಈ ಉದಯ ಬೇಗ, ಉತ್ತರದವರಿಗೆ ತಡ. ಬೆಂಗಳೂರಿಗಿಂತ ಉಜ್ಜಯಿನಿಯಲ್ಲಿ ಅದು ಎರಡು ವಾರಕ್ಕೂ ಹೆಚ್ಚು ತಡವಾಗುತ್ತದೆ.

ಈ ಉದಯ ಮಳೆಗಾಲ ಇಳಿಮುಖವಾಗುವ ಸಮಯಕ್ಕೆ ಸರಿಹೊಂದುತ್ತದೆ. ಅಗಸ್ತ್ಯ ಕಂಡೊಡನೆ ಕದಡಿದ ನೀರು ತಿಳಿಯಾಗುತ್ತದೆಂಬ ಮಾತು ಸಂಸ್ಕೃತ ಕಾವ್ಯಗಳಲ್ಲಿ ಬಂದಿರುವುದು ಇದರಿಂದಲೇ. ಕಾಳಿದಾಸನ ರಘುವಂಶದಲ್ಲಿಯೂ ಶರದೃತುವಿನ ವರ್ಣನೆಯಲ್ಲಿ ಈ ಸಂಗತಿಯಿದೆ. ದಕ್ಷಿಣಕ್ಕೆ ಹೋದಷ್ಟೂ ಎತ್ತರಕ್ಕೇರುವ ನಕ್ಷತ್ರ ದಕ್ಷಿಣಕ್ಕೆ ಹೋಗಿ ನೆಲೆಸಿದ ಋಷಿಯ ಹೆಸರನ್ನು ಪಡೆದಿರುವುದು ಸಹಜವಾಗಿಯೇ ಇದೆ.

ನಕ್ಷತ್ರದಿಂದ ಭೂಮಿಯ ಅಳತೆ

ಊರಿನಿಂದ ಊರಿಗೆ ಅಗಸ್ತ್ಯದ ಎತ್ತರ ಬದಲಾಗುವುದಕ್ಕೆ ಭೂಮಿಯ ದುಂಡುತನವೇ ಕಾರಣ. ಕ್ರಿ.ಪೂ. 1ನೇ ಶತಮಾನದ ಗ್ರೀಕ್ ವಿದ್ವಾಂಸ ಪೊಸಿಡೋನಿಯಸ್ ಇದನ್ನೇ ಬಳಸಿ ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದನು. ರೋಡ್ಸ್ ದ್ವೀಪದಲ್ಲಿ ಕೆನೋಪಸ್ ದಿಗಂತವನ್ನು ಸವರಿ ಮರೆಯಾಗುತ್ತಿತ್ತು. ಅಲೆಕ್ಸಾಂಡ್ರಿಯಾದಲ್ಲಿ ವೃತ್ತದ 48ನೇ ಒಂದು ಭಾಗದಷ್ಟು, ಅಂದರೆ ಏಳೂವರೆ ಡಿಗ್ರಿ, ಮೇಲೇರುತ್ತದೆಂದು ಅವನು ಎಣಿಸಿದನು. ಎರಡೂ ಊರುಗಳ ನಡುವಿನ ದೂರ 5,000 ಸ್ಟೇಡಿಯಾ ಎಂದು ತೆಗೆದುಕೊಂಡು ಭೂಮಿಯ ಸುತ್ತಳತೆ 2,40,000 ಸ್ಟೇಡಿಯಾ ಎಂದನು. ಕೋನದ ಅಳತೆಯಲ್ಲಿ ತಪ್ಪಿತ್ತು, ವಿಧಾನ ಸರಿಯಾಗಿತ್ತು.

ಅದೇ ಪ್ರಯೋಗವನ್ನು ಕರ್ನಾಟಕದೊಳಗೇ ಮಾಡಬಹುದು. ಬೀದರ್ ಮತ್ತು ಚಾಮರಾಜನಗರಗಳು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಅಗಸ್ತ್ಯ ನೇರ ದಕ್ಷಿಣಕ್ಕೆ ಬಂದಾಗ ಬೀದರಿನಲ್ಲಿ ಅದರ ಎತ್ತರ ಸುಮಾರು 19.4 ಡಿಗ್ರಿ, ಚಾಮರಾಜನಗರದಲ್ಲಿ 25.4 ಡಿಗ್ರಿ. ವ್ಯತ್ಯಾಸ 6 ಡಿಗ್ರಿ, ಅಂದರೆ ಪೂರ್ಣ ವೃತ್ತದ 60ನೇ ಒಂದು ಭಾಗ. ಎರಡು ಊರುಗಳ ನಡುವಿನ ನೇರ ದೂರ ಸುಮಾರು 665 ಕಿಲೋಮೀಟರ್. ಅದನ್ನು 60ರಿಂದ ಗುಣಿಸಿದರೆ 39,900 ಕಿಲೋಮೀಟರ್ ಬರುತ್ತದೆ. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಎರಡು ಶಾಲೆಗಳ ಮಕ್ಕಳು ಕೋನಮಾಪಕ, ದಾರ ಮತ್ತು ಒಂದು ತೂಕದ ಕಲ್ಲಿನ ನೆರವಿನಿಂದ ಒಂದೇ ರಾತ್ರಿ ಇದನ್ನು ಅಳೆದು ನೋಡಬಹುದು.

ಅಗಸ್ತ್ಯ ನಮ್ಮಿಂದ ಸುಮಾರು 310 ಜ್ಯೋತಿರ್ವರ್ಷ ದೂರದಲ್ಲಿದೆ. ಲುಬ್ಧಕ ಕೇವಲ 8.6 ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ಹೆಚ್ಚು ಬೆಳಗುತ್ತದೆ. ಅಗಸ್ತ್ಯವನ್ನು ಅಷ್ಟೇ ಹತ್ತಿರ ತಂದಿಟ್ಟರೆ ಅದು ಈಗಿನದಕ್ಕಿಂತ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಕಾಶಮಾನವಾಗಿ ಕಾಣುತ್ತಿತ್ತು. ಅದರ ವ್ಯಾಸ ಸೂರ್ಯನ ವ್ಯಾಸದ ಸುಮಾರು 70 ಪಟ್ಟು. 1964ರಲ್ಲಿ ಮಂಗಳಗ್ರಹಕ್ಕೆ ಹೊರಟ ಮ್ಯಾರಿನರ್-4 ನೌಕೆ ದಿಕ್ಕು ಹಿಡಿಯಲು ಸೂರ್ಯನೊಂದಿಗೆ ಇದೇ ನಕ್ಷತ್ರವನ್ನು ಗುರಿಯಾಗಿಟ್ಟುಕೊಂಡಿತ್ತು. ಪುರಾಣದ ಚುಕ್ಕಾಣಿಗ ಬಾಹ್ಯಾಕಾಶದಲ್ಲಿಯೂ ಅದೇ ಕೆಲಸಕ್ಕೆ ನೇಮಕಗೊಂಡನು.

ಉರಿದು ಮಂಕಾದ ಈಟಾ

ಕೆರೈನಾದ ಇನ್ನೊಂದು ನಕ್ಷತ್ರ ಈಟಾ. ಇಂದು ಅದರ ಕಾಂತಿಮಾನ ಸುಮಾರು 4. ಕತ್ತಲೆಯ ಊರುಗಳಲ್ಲಿ ಮಾತ್ರ ಬರಿಗಣ್ಣಿಗೆ ಮಸುಕಾಗಿ ಕಾಣುತ್ತದೆ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿದ್ದ ಎಡ್ಮಂಡ್ ಹ್ಯಾಲಿ ಕೂಡ ಅದನ್ನು ನಾಲ್ಕನೆಯ ದರ್ಜೆಯ ನಕ್ಷತ್ರವೆಂದೇ ದಾಖಲಿಸಿದ್ದರು. ಆದರೆ 1837ರ ಡಿಸೆಂಬರಿನಲ್ಲಿ ಗುಡ್ ಹೋಪ್ ಭೂಶಿರದಲ್ಲಿದ್ದ ಜಾನ್ ಹರ್ಷೆಲ್ ಅದು ಇದ್ದಕ್ಕಿದ್ದಂತೆ ಬೆಳಗಿರುವುದನ್ನು ಕಂಡು ಬೆರಗಾದರು. 1843ರ ಮಾರ್ಚ್ ತಿಂಗಳಿನಲ್ಲಿ ಅದು ಲುಬ್ಧಕವೊಂದನ್ನು ಬಿಟ್ಟರೆ ಇಡೀ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನ ನಕ್ಷತ್ರವಾಯಿತು. ಮುಂದಿನ ಕೆಲವು ದಶಕಗಳಲ್ಲಿ ಕುಂದುತ್ತ ಬಂದು ಬರಿಗಣ್ಣಿಗೆ ಕಾಣದಷ್ಟು ಮಂಕಾಯಿತು. ಅನಂತರ ನಿಧಾನವಾಗಿ ಮತ್ತೆ ಬೆಳಗುತ್ತಿದೆ.

ಈಟಾ ಒಂದಲ್ಲ, ಎರಡು ನಕ್ಷತ್ರಗಳ ಜೋಡಿ. ದೊಡ್ಡದು ಸೂರ್ಯನ ನೂರು ಪಟ್ಟಿನಷ್ಟು ರಾಶಿಯುಳ್ಳದ್ದೆಂದು ಅಂದಾಜು. ಐದೂವರೆ ವರ್ಷಗಳಿಗೊಮ್ಮೆ ಅವು ಪರಸ್ಪರ ಸುತ್ತುತ್ತವೆ. 19ನೇ ಶತಮಾನದ ಆ ಸ್ಫೋಟದಲ್ಲಿ ಸೂರ್ಯನ ಹತ್ತು ಪಟ್ಟಿಗೂ ಹೆಚ್ಚು ದ್ರವ್ಯ ಹೊರಚಿಮ್ಮಿ, ಎರಡು ಬುಗ್ಗೆಗಳ ಆಕಾರದ ಮೋಡವಾಗಿ ಇಂದಿಗೂ ಹಿಗ್ಗುತ್ತಿದೆ. ನಕ್ಷತ್ರ ಮಾತ್ರ ಉಳಿದುಕೊಂಡಿತು. ಮುಂದೊಂದು ದಿನ ಅದು ಸೂಪರ್‌ನೋವಾ ಆಗಿ ಸಿಡಿಯುವುದೆಂದು ಖಗೋಳಜ್ಞರ ನಿರೀಕ್ಷೆ. ಆ ದಿನ ನಾಳೆಯೂ ಆಗಬಹುದು, ಹಲವು ಸಾವಿರ ವರ್ಷಗಳ ನಂತರವೂ ಆಗಬಹುದು. ಸುಮಾರು 7,500 ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ಭೂಮಿಗೆ ಅಪಾಯವಿಲ್ಲ. ಯೂರೋಪಿನ ಜನರಿಗೆ ಆ ದೃಶ್ಯ ದಿಗಂತದ ಕೆಳಗೇ ಮುಗಿದುಹೋಗುತ್ತದೆ, ನಮಗೆ ಕಾಣುತ್ತದೆ.

ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಬೂರಾಂಗ್ ಮೂಲನಿವಾಸಿಗಳು ಅಗಸ್ತ್ಯವನ್ನು 'ವಾರ್' ಎಂಬ ಕಾಗೆಯೆಂದೂ ಅವನೇ ಮನುಷ್ಯರಿಗೆ ಬೆಂಕಿಯನ್ನು ತಂದುಕೊಟ್ಟವನೆಂದೂ ನಂಬಿದ್ದರು. ಅವರ ನಕ್ಷತ್ರಗಳ ಹೆಸರುಗಳನ್ನು ವಿಲಿಯಂ ಸ್ಟ್ಯಾನ್‌ಬ್ರಿಜ್ 1857ರಲ್ಲಿ ವರದಿ ಮಾಡಿದರು. ಅದರಲ್ಲಿ ವಾರ್‌ನ ಹೆಂಡತಿಯೆಂದು ಗುರುತಿಸಿದ ನಕ್ಷತ್ರವು ಅಂದು ಉರಿಯುತ್ತಿದ್ದ ಈಟಾ ಎಂದು 2010ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಹೊಸದಾಗಿ ಬೆಳಗಿದ ನಕ್ಷತ್ರಕ್ಕೆ ಆ ಜನ ತಮ್ಮ ಕಥೆಯಲ್ಲಿ ಜಾಗ ಕೊಟ್ಟಿದ್ದರು. ಅವರು ಆಕಾಶವನ್ನು ದಿನವೂ ನೋಡುತ್ತಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಏನನ್ನು, ಯಾವಾಗ ನೋಡಬೇಕು

ಅಗಸ್ತ್ಯವನ್ನು ನೋಡಲು ಜನವರಿಯಿಂದ ಮಾರ್ಚ್‌ವರೆಗಿನ ಸಂಜೆಗಳು ಉತ್ತಮ. ಮಿಕ್ಕ ಕೆರೈನಾಕ್ಕೆ ಏಪ್ರಿಲ್ ಮೂರನೇ ವಾರದ ರಾತ್ರಿ 9 ಗಂಟೆ ಸೂಕ್ತ ಸಮಯ. ಆಗ ಈಟಾದ ಪ್ರದೇಶ ನೇರ ದಕ್ಷಿಣದಲ್ಲಿರುತ್ತದೆ, ಅಗಸ್ತ್ಯ ನೈರುತ್ಯದಲ್ಲಿ ಅಸ್ತಕ್ಕೆ ಹತ್ತಿರವಾಗಿರುತ್ತದೆ, ಆಗ್ನೇಯದಲ್ಲಿ ತ್ರಿಶಂಕು ಮೇಲೇರುತ್ತಿರುತ್ತದೆ. ಕೈಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ ಎಂಬುದು ನೆನಪಿರಲಿ. ಚಂದ್ರನಿಲ್ಲದ ರಾತ್ರಿಯನ್ನು ಆರಿಸಿಕೊಳ್ಳಿ. ಸಾಧಾರಣ ಬೈನಾಕ್ಯುಲರ್ ಇದ್ದರೆ ಸಾಕು.

ಮೊದಲು ಎಚ್ಚರಿಕೆಯೊಂದು. ಮಾರ್ಚ್ ಕೊನೆಯ ವಾರದಲ್ಲಿ ಇದೇ ಹೊತ್ತಿಗೆ ದಕ್ಷಿಣದಲ್ಲಿ ಕಾಣುವ ಶಿಲುಬೆಯಾಕಾರವನ್ನು ಅನೇಕರು ತ್ರಿಶಂಕುವೆಂದು ತಪ್ಪು ತಿಳಿಯುತ್ತಾರೆ. ಅದು ಕೆರೈನಾದ ಎರಡು ಮತ್ತು ವೇಲಾದ ಎರಡು ನಕ್ಷತ್ರಗಳಿಂದಾದ ಹುಸಿ ಶಿಲುಬೆ. ಅದು ನಿಜವಾದ ತ್ರಿಶಂಕುವಿಗಿಂತ ದೊಡ್ಡದು, ಮಂಕು. ನಿಜವಾದದ್ದರ ಬೆನ್ನಿಗೆ ಆಲ್ಫಾ ಮತ್ತು ಬೀಟಾ ಸೆಂಟಾರಿ ಎಂಬ ಎರಡು ಉಜ್ವಲ ನಕ್ಷತ್ರಗಳು ಬರುತ್ತವೆ. ಹುಸಿಗೆ ಅಂತಹ ಹಿಂಬಾಲಕರಿಲ್ಲ.

ಈಟಾವನ್ನು ಸುತ್ತುವರಿದಿರುವುದೇ ಕೆರೈನಾ ನೀಹಾರಿಕೆ. 1752ರಲ್ಲಿ ಲಕೇಯ್ ಕಂಡ ಈ ಅನಿಲಮೇಘ ಸುಮಾರು 2 ಡಿಗ್ರಿ ಅಗಲವಿದೆ, ಅಂದರೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಮಹಾವ್ಯಾಧದ ಪ್ರಸಿದ್ಧ ನೀಹಾರಿಕೆಗಿಂತ ಇದು ದೊಡ್ಡದು. ಜೇಮ್ಸ್ ವೆಬ್ ದೂರದರ್ಶಕದ ಮೊದಲ ಬಣ್ಣದ ಚಿತ್ರಗಳು 2022ರ ಜುಲೈ 12ರಂದು ಬಿಡುಗಡೆಯಾದಾಗ ಜಗತ್ತಿನ ಗಮನ ಸೆಳೆದ, ಗುಡ್ಡಸಾಲಿನಂತಹ ಚಿತ್ರ ಇದೇ ನೀಹಾರಿಕೆಯ ಅಂಚಿನದು.

ಅದರ ಪಕ್ಕದಲ್ಲಿ, ಸುಮಾರು 3 ಡಿಗ್ರಿ ಪೂರ್ವಕ್ಕೆ, ಎನ್‌ಜಿಸಿ 3532 ಎಂಬ ನಕ್ಷತ್ರಗುಚ್ಛವಿದೆ. ಹಬಲ್ ದೂರದರ್ಶಕ 1990ರ ಮೇ 20ರಂದು ತೆಗೆದ ಮೊಟ್ಟಮೊದಲ ಚಿತ್ರ ಇದರದೇ. ಇನ್ನಷ್ಟು ದಕ್ಷಿಣಕ್ಕೆ, ಥೀಟಾ ನಕ್ಷತ್ರದ ಸುತ್ತ 'ದಕ್ಷಿಣದ ಕೃತ್ತಿಕೆ' ಎಂದು ಹೆಸರಾದ ಐಸಿ 2602 ಗುಚ್ಛ ಹರಡಿದೆ. ಬೆಂಗಳೂರಿನಲ್ಲಿ ಇದು ಹೆಚ್ಚೆಂದರೆ 12-13 ಡಿಗ್ರಿ ಮೇಲೇರುತ್ತದೆ. ಹುಸಿ ಶಿಲುಬೆಯ ಎಪ್ಸಿಲಾನ್ ನಕ್ಷತ್ರದ ಬಳಿ ಎನ್‌ಜಿಸಿ 2516 ಎಂಬ ಇನ್ನೊಂದು ಸುಂದರ ಗುಚ್ಛವಿದೆ. ಪುಂಜದ ಎರಡನೆಯ ಪ್ರಕಾಶಮಾನ ನಕ್ಷತ್ರ ಬೀಟಾವನ್ನು ಹುಡುಕುವುದು ಕಷ್ಟದ ಪರೀಕ್ಷೆ. ಅದು ಬೆಂಗಳೂರಿನಲ್ಲಿ 7 ಡಿಗ್ರಿ, ಬೀದರಿನಲ್ಲಿ ಎರಡೂವರೆ ಡಿಗ್ರಿಯಷ್ಟೇ ಮೇಲೇರುತ್ತದೆ.

ಅಂಚಿನ ಬೆಳಕು

ಕೆರೈನಾದ ಬಹುಪಾಲು ನಮಗೆ ಕಾಣುವುದು ದಿಗಂತದಿಂದ 20 ಡಿಗ್ರಿಯೊಳಗೆ. ಅಷ್ಟು ತಗ್ಗಿನಲ್ಲಿ ನೋಡುವಾಗ ನೆತ್ತಿಯ ಕಡೆ ನೋಡುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದಪ್ಪದ ಗಾಳಿಯ ಮೂಲಕ ಬೆಳಕು ಬರಬೇಕು. ಧೂಳು, ತೇವ ಎರಡೂ ಅದನ್ನು ಕುಂದಿಸುತ್ತವೆ. ನಗರದ ದೀಪಗಳ ಪ್ರಭೆ ದಟ್ಟವಾಗಿರುವುದೂ ಇದೇ ತಗ್ಗಿನಲ್ಲಿ. ನೆತ್ತಿಯ ನಕ್ಷತ್ರಗಳು ಇನ್ನೂ ಕಾಣುತ್ತಿರುವಾಗಲೇ ಅಂಚಿನ ನಕ್ಷತ್ರಗಳು ಮೊದಲು ಮಾಯವಾಗುತ್ತವೆ. 2011ರಿಂದ 2022ರವರೆಗೆ ಜಗತ್ತಿನ ನಾನಾ ಕಡೆಯ ನಾಗರಿಕರು ನಡೆಸಿದ ವೀಕ್ಷಣೆಗಳ ಆಧಾರದಿಂದ 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಹೆಚ್ಚು ಬೆಳಗುತ್ತಿದೆಯೆಂದು ತಿಳಿಸಿತು. ಈ ಗತಿಯಲ್ಲಿ ಎಂಟು ವರ್ಷಗಳೊಳಗೆ ಆಕಾಶದ ಬೆಳಕು ಇಮ್ಮಡಿಯಾಗುತ್ತದೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯ ಆಕಾಶಕ್ಕಾಗಿಯೇ ಸಂರಕ್ಷಿತ ವಲಯವನ್ನು ಘೋಷಿಸಲಾಯಿತು. ಸ್ವಾಗತಾರ್ಹ ಕ್ರಮ. ಆದರೆ ಹಾನ್ಲೆ ಇರುವುದು ಸುಮಾರು 33 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಅಗಸ್ತ್ಯ ನಾಲ್ಕೈದು ಡಿಗ್ರಿ ಮೇಲೇರಿದರೆ ಹೆಚ್ಚು, ಈಟಾ ಉದಯಿಸುವುದೇ ಇಲ್ಲ. ಈ ಹಡಗಿಗೆ ಬೇಕಾದ ಕತ್ತಲೆ ದಕ್ಷಿಣದಲ್ಲಿಯೇ, ನಮ್ಮ ಊರುಗಳಲ್ಲಿಯೇ ಉಳಿಯಬೇಕು.

ಅದಕ್ಕೆ ಬೇಕಾದ ಉಪಾಯಗಳು ದುಬಾರಿಯಲ್ಲ. ಬೀದಿ ದೀಪದ ಬೆಳಕು ಮೇಲಕ್ಕೂ ಪಕ್ಕಕ್ಕೂ ಚೆಲ್ಲದಂತೆ ಮುಚ್ಚಳ ಹಾಕುವುದು, ಕಣ್ಣು ಕೋರೈಸುವ ಬಿಳಿ ದೀಪದ ಬದಲು ಹಳದಿ ಛಾಯೆಯ ದೀಪ ಬಳಸುವುದು, ಜನಸಂಚಾರ ನಿಂತ ಮೇಲೆ ಜಾಹೀರಾತು ಫಲಕಗಳ ದೀಪಗಳನ್ನು ಆರಿಸುವುದು ಇಷ್ಟರಿಂದಲೇ ಬಹಳಷ್ಟು ಸಾಧ್ಯ. ವಿದ್ಯುತ್ತೂ ಉಳಿಯುತ್ತದೆ.

ಭೂಮಿಯ ಅಕ್ಷದ ನಿಧಾನವಾದ ತೂಗಾಟದಿಂದ ಅಗಸ್ತ್ಯ ಈಗ ತನ್ನ ಉತ್ತರದ ಮಿತಿಯ ಸಮೀಪದಲ್ಲಿದೆ. ಇನ್ನು ಮುಂದೆ ಅದು ಕ್ರಮೇಣ ದಕ್ಷಿಣಕ್ಕೆ ಸರಿಯುತ್ತ, ಸುಮಾರು 10,000 ವರ್ಷಗಳ ನಂತರ ಬೆಂಗಳೂರಿನ ದಿಗಂತಕ್ಕೂ ಕೆಳಗಾಗುತ್ತದೆ. ನಿಸರ್ಗ ಕೊಟ್ಟಿರುವ ಗಡುವು ಅಷ್ಟು ದೀರ್ಘವಾಗಿದೆ. ನಮ್ಮ ದೀಪಗಳು ಕೊಡುತ್ತಿರುವ ಗಡುವು ಕೆಲವೇ ದಶಕಗಳದ್ದು. ಮುಂದಿನ ಫೆಬ್ರವರಿಯಲ್ಲಿ ಒಂದು ರಾತ್ರಿ ಮನೆಯ ಮಕ್ಕಳನ್ನು ತಾರಸಿಗೆ ಕರೆದೊಯ್ದು, ಲುಬ್ಧಕದ ಕೆಳಗಿರುವ ಆ ನಕ್ಷತ್ರವನ್ನು ಹೆಸರು ಹೇಳಿ ತೋರಿಸಿ.